ಭಾನುವಾರದ ಮೂಗು

ನಾಲ್ಕನೆಯ ಕೋವಿಯ ನಳಿಗೆಗೆ ಮೂಗು ಒಡ್ಡುವ ಹೊತ್ತಿಗೆ ಬೆಳಿಗ್ಗೆ ತಿಂದ ಅಕ್ಕಿ ರೊಟ್ಟಿ ಧರ್ಮಪಾಲನ ಗಂಟಲಿಗೆ ಬಂದು ನಿಂತಿತ್ತು. ಅದನ್ನು ಮತ್ತೆ ನುಂಗಿಕೊಂಡ. ಕಲ್ಲುಮೊಟ್ಟೆ ಮನೆಯ ಜಗಲಿಯಲ್ಲಿ, ಗೋಡೆಗೆ ಒರಗಿಸಿಟ್ಟ ಕೋವಿಗಳ ಮುಂದೆ ಮಂಡಿಯೂರಿ, ಒಂದೊಂದರ ಬಾಯಿಗೂ ಕಿರುಬೆರಳು ತೂರಿಸಿ ತಿರುವಿ, ಬೆರಳಿಗೆ ಹತ್ತಿದ ಮಸಿಯನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಮೂಸಬೇಕು. ಹೋದ ಭಾನುವಾರದಿಂದ ಈಚೆಗೆ ಗುಂಡು ಹಾರಿಸಿದ್ದರೆ ಕೊಳೆತ ಮೊಟ್ಟೆಯ ನಾತ. ಹಾರಿಸದಿದ್ದರೆ ತುಕ್ಕು, ಕಮಟು ಹಿಡಿದ ಕೊಬ್ಬರಿ ಎಣ್ಣೆ, ಒಮ್ಮೊಮ್ಮೆ ಒಳಗೆ ಸತ್ತ ಜಿರಲೆ. ಈ ನಾಲ್ಕನೆಯದರಲ್ಲಿ ಜಿರಲೆ ಇತ್ತು. ಬೆರಳಿನ ತುದಿಗೆ ಅದರ ಒಂದು ಕಾಲು ಅಂಟಿಕೊಂಡು ಬಂತು. ಬಾಗಿಲ ಹಿಂದೆ ಹೆಂಗಸರು ಕಿಸಕ್ಕೆಂದು ನಕ್ಕರು. ಕಲ್ಲುಮೊಟ್ಟೆಯ ಹೆಂಗಸರು ಪ್ರತಿ ಭಾನುವಾರ ನಗುತ್ತಾರೆ. ಅಡಿಗೆಮನೆಯಲ್ಲಿ ಅವನಿಗೊಂದು ಹೆಸರಿದೆಯೆಂದೂ ಅದು ನಾಯಿಗೆ ಸಂಬಂಧಪಟ್ಟದ್ದೆಂದೂ ಅವನಿಗೆ ಗೊತ್ತು. ಬೆರಳನ್ನು ಪಂಚೆಗೆ ಒರೆಸಿಕೊಳ್ಳಲು ಹೋಗಿ, ಬಿಳಿ ಪಂಚೆ ಎಂದು ನೆನಪಾಗಿ, ಜಗಲಿಯ ಕಂಬಕ್ಕೆ ಒರೆಸಿದ. ಪರಮನೆಯ ಕಂಬ ಎಂದು ಆಮೇಲೆ ಹೊಳೆದು ಇನ್ನಷ್ಟು ನಾಚಿದ.

ಇದು ಶುರುವಾದದ್ದು ಮಡಿಕೇರಿಯ ದೊರೆಯ ಬಂಗಲೆಯಲ್ಲಿ. ಅಲ್ಲಿಯೂ ಒಂದು ನಾಯಿ ಇತ್ತು, ಅದು ಜಮಖಾನದ ಮೇಲೆ ಮಲಗಿತ್ತು, ಇವರು ಮೂವರು ನಿಂತಿದ್ದರು. ಒಂದು ಪಕ್ಕ ಬಾಳೆಕಜೆ ಮನೆಯ ಯಜಮಾನ, ಧರ್ಮಪಾಲನ ದೊಡ್ಡಪ್ಪ ಕುಶಾಲಪ್ಪ. ಇನ್ನೊಂದು ಪಕ್ಕ ಕಲ್ಲುಮೊಟ್ಟೆಯ ಪೊನ್ನಪ್ಪ, ಅಣ್ಣನ ಹೆಣ ಸುಟ್ಟು ಇನ್ನೂ ಕ್ಷೌರದ ತಲೆಯಲ್ಲೇ ಇದ್ದವನು. ನಡುವೆ ದೊರೆಯ ಇಂಗ್ಲಿಷನ್ನು ಕನ್ನಡಕ್ಕೂ ಕನ್ನಡವನ್ನು ಇಂಗ್ಲಿಷಿಗೂ ಮಾಡುತ್ತ ಧರ್ಮಪಾಲ. ತಲೆಗದ್ದೆಯ ನೀರಿಗಾಗಿ ಶುರುವಾದ ಜಗಳದಲ್ಲಿ ಪೊನ್ನಪ್ಪನ ಅಣ್ಣ ಬೇಲಿಯ ಬುಡದಲ್ಲಿ ಗುಂಡು ತಿಂದು ಬಿದ್ದಿದ್ದ. ಯಾರ ಗುಂಡು ಎಂದು ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ದೊರೆ ಮೊದಲು ಗದರಿದ: ಜಮ್ಮಾ ಹಿಡುವಳಿಯ ಮನೆಗಳೆಂದು ಲೈಸೆನ್ಸಿಲ್ಲದೆ ಕೋವಿ ಇಡಲು ಬಿಟ್ಟರೆ ಹೀಗಾ? ಎರಡೂ ಮನೆಯ ಕೋವಿ ತರಿಸಿ ಖಜಾನೆಗೆ ಹಾಕಿಸುತ್ತೇನೆ. ಕುಶಾಲಪ್ಪನ ಮುಖ ಬಾಡಿತು. ಕೋವಿ ಇಲ್ಲದ ಮನೆಗೆ ಯಾರು ಹೆಣ್ಣು ಕೊಡುತ್ತಾರೆ? ಹುತ್ತರಿಗೆ ಕದಿರು ಕೊಯ್ಯುವಾಗ ಬಾಯಲ್ಲಿ ಢಂ ಅನ್ನುವುದಾ? ಆಮೇಲೆ ದೊರೆ ಮೆತ್ತಗಾಗಿ ಪೈಪು ತುಂಬಿಕೊಂಡು ಜಿನೀವಾದ ಮಾತು ಎತ್ತಿದ. ಒಬ್ಬರನ್ನೊಬ್ಬರು ಲಕ್ಷಗಟ್ಟಲೆ ಕೊಂದ ದೇಶಗಳೇ ಈಗ ಅಲ್ಲಿ ಕೂತು, ನಿಮ್ಮ ಫಿರಂಗಿ ನಮಗೆ ತೋರಿಸಿ, ನಮ್ಮ ಹಡಗು ನಿಮಗೆ ತೋರಿಸುತ್ತೇವೆ ಎಂದು ಮಾತಾಡುತ್ತಿವೆ. ಅಷ್ಟು ದೊಡ್ಡವರಿಗೆ ಸಾಧ್ಯವಿರುವುದು ಒಂದು ಗದ್ದೆಯ ಆಚೆ ಈಚೆ ಇರುವ ಎರಡು ಮನೆಗೆ ಸಾಧ್ಯವಿಲ್ಲವೇ? ಹಾಸ್ಟೆಲಿನ ಓದುವ ಕೋಣೆಯಲ್ಲಿ ಎರಡು ದಿನ ತಡವಾಗಿ ಬರುತ್ತಿದ್ದ ಮದ್ರಾಸಿನ ಪತ್ರಿಕೆಯಲ್ಲಿ ಧರ್ಮಪಾಲ ಅದನ್ನೆಲ್ಲ ಓದಿದ್ದ. ತನಗೆ ಇದು ಗೊತ್ತು ಎಂಬ ಹೆಮ್ಮೆಯಲ್ಲಿ, ದೊರೆ ಹೇಳದ ಎರಡು ಮಾತನ್ನೂ ಸೇರಿಸಿ ಚಂದ ಮಾಡಿ ಹೇಳಿದ. ಎದುರು ಪಕ್ಷದ ಮೇಲೆ ನಂಬಿಕೆ ಹುಟ್ಟಿಸುವ ಕ್ರಮ ಇದು ಎಂದ.

“ನಂಬಿಕೆ ಇದ್ದರೆ ಮೂಸೊದ್ ಎಂತಕೆ? ಮೂಸೊದಾದ್ರೆ ನಂಬಿಕೆ ಎಂತಕೆ? ಕೇಳ್ ಅವನ,” ಎಂದ ಕುಶಾಲಪ್ಪ.

ಧರ್ಮಪಾಲ ಕೇಳಲಿಲ್ಲ. ನಮ್ಮ ದೊಡ್ಡಪ್ಪ ಒಪ್ಪಿದ್ದಾರೆ ಎಂದು ದೊರೆಗೆ ಹೇಳಿದ. ದೊರೆ ಅವನ ಬೆನ್ನು ತಟ್ಟಿದ. ತಟ್ಟಿಸಿಕೊಂಡ ಆ ಬೆನ್ನು ಈಗ ಭಾನುವಾರ ಭಾನುವಾರ ಬಗ್ಗುತ್ತದೆ. ಇಲ್ಲಿಂದ ಒಬ್ಬ ಅಲ್ಲಿಗೆ, ಅಲ್ಲಿಂದ ಒಬ್ಬ ಇಲ್ಲಿಗೆ. ಎದುರು ಮನೆಯ ಕೋವಿ ಎಣಿಸಿ ಮೂಸುವುದು. ಹಂದಿಗಾಗಲಿ, ಹುಟ್ಟಿಗಾಗಲಿ, ಸಾವಿಗಾಗಲಿ, ಗುಂಡು ಹಾರಿಸುವ ಮೊದಲು ಎದುರು ಮನೆಗೆ ಹೇಳಿಕಳಿಸುವುದು. ಹೊರಡುವ ಮುನ್ನ ಆ ಮನೆಯಲ್ಲಿ ಏನಾದರೂ ಕುಡಿದು, ಕುಡಿದದ್ದು ಕಾಣುವಂತೆ ಲೋಟ ಬೋರಲು ಹಾಕುವುದು. ಹೇಳಿಕಳಿಸಿದವನು ಗದ್ದೆ ದಾಟಿ ಬರುವವರೆಗೆ ಹಂದಿ ಕಾಯುವುದಿಲ್ಲ. ಈ ವರ್ಷ ಎರಡೂ ಮನೆಯ ಗೆಣಸು ಹಂದಿಯ ಹೊಟ್ಟೆಗೆ ಹೋಯಿತು. ಹುತ್ತರಿಯಂದು ಇಲ್ಲಿ ಗುಂಡು ಹಾರಿಸುವಾಗ ಪಕ್ಕದಲ್ಲಿ ಧರ್ಮಪಾಲ ನಿಂತಿದ್ದ, ಅಲ್ಲಿ ಹಾರಿಸುವಾಗ ಪೊನ್ನಪ್ಪ ನಿಂತಿದ್ದ. ದೇವರಿಗೆ ಬಿಟ್ಟ ಎರಡು ಹೋತಗಳ ಹಾಗೆ, ಕಡಿಯುವ ದಿನ ಮಾತ್ರ ಗೊತ್ತಿಲ್ಲದೆ. ಓದಿದವನಿಗೆ ಬೇರೆ ಏನು ಕೆಲಸ ಎಂದು ಬಾಳೆಕಜೆಯಲ್ಲಿ ಈ ಕೆಲಸ ಅವನಿಗೇ ಬಂತು. ಇಂಟರ್ ಮೀಡಿಯೆಟ್ ಫೇಲಾಗಿ ಬಂದವನು. ಅದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೆ.

ಅವನು ನಾಲ್ಕನೆಯ ಕೋವಿಯನ್ನು ಗೋಡೆಗೆ ಒರಗಿಸಿದ. ಮೂಗಿನೊಳಗೆ ಇನ್ನೂ ಎಣ್ಣೆಯ ವಾಸನೆ. ಆದರೆ ಅದು ಇಲ್ಲಿಯದಲ್ಲ, ಬೆಳಿಗ್ಗೆಯದು. ಅವನ ಹೆಂಡತಿ ಯಮುನ ಹೆರಿಗೆಯಾಗಿ ಮಲಗಿದ ಕೋಣೆಯ ಹೊಸ್ತಿಲಲ್ಲಿ ನಿಂತಾಗ ಬಡಿದದ್ದು. ಆ ಕೋಣೆಯಲ್ಲಿ ರಕ್ತ, ಹೊಗೆ, ಹಾಲು ಇವುಗಳ ವಾಸನೆ ಇರಬೇಕಾದದ್ದೇ. ಅದರ ನಡುವೆ ತೆಳ್ಳಗೆ, ಹೊಸ ಕೋವಿಗೆ ಹಚ್ಚುವ ವಿಲಾಯತಿ ಎಣ್ಣೆಯ ವಾಸನೆ. ಜೋಡು ನಳಿಗೆಯ ತೋಟಾ ಕೋವಿ. ಎಸ್ಟೇಟಿನ ರೈಟರನೊಬ್ಬನಿಂದ ಕುಶಾಲಪ್ಪ ಗುಟ್ಟಾಗಿ ಕೊಂಡು ತಂದದ್ದು. ಪೊನ್ನಪ್ಪ ಎಣಿಸುವ ಐದರಲ್ಲಿ ಅದಿಲ್ಲ. ಮಗು ಹೆತ್ತವಳಿಗೆ ಅಮೆ. ಆ ಮೈಲಿಗೆಯ ಕೋಣೆಗೆ ಪರಗಂಡಸು ಕಾಲಿಡುವುದಿಲ್ಲ, ದೊರೆ ಬಂದರೂ ಇಡುವುದಿಲ್ಲ. ಹಾಗಾಗಿ ಸೂಲಗಿತ್ತಿ ಸುಬ್ಬಿ ಮಗುವನ್ನು ತೊಳೆದು ಮುಗಿಸುವ ಮೊದಲೇ, ಹಳೆ ಸೀರೆಯಲ್ಲಿ ಸುತ್ತಿದ ಕೋವಿ ಯಮುನಳ ಚಾಪೆಯ ಕೆಳಗೆ ಬಂದಿತ್ತು. ಹೆಣ್ಣುಮಗು. ಗಂಡಾಗಿದ್ದರೆ ಒಂದು ಗುಂಡು ಹಾರಿಸಬೇಕಾಗಿತ್ತು, ಅದಕ್ಕೆ ಕಲ್ಲುಮೊಟ್ಟೆಗೆ ಹೇಳಿಕಳಿಸಬೇಕಾಗಿತ್ತು. ಆ ಕೆಲಸ ಉಳಿಯಿತು ಎಂದಿದ್ದ ಕುಶಾಲಪ್ಪ.

“ನಿಮ್ಮ ದೊಡ್ಡಪ್ಪನ ಕೋವಿ ಬೆನ್ನಿಗೆ ಚುಚ್ಚಿದೆ,” ಎಂದಿದ್ದಳು ಯಮುನ, ಗೋಡೆಯ ಕಡೆ ಮುಖ ಮಾಡಿಕೊಂಡೇ. “ನಿಮ್ಮ ಕುಂಞಿ ಅದರ ಮೇಲೆ ಹುಚ್ಚೆ ಹೊಯ್ದುಟ್ಟು. ಹೊಯ್ಲಿ. ತುಕ್ಕು ಹಿಡಿಲಿ.”

ಅವನು ಹೊಸ್ತಿಲಿನಿಂದಲೇ ಹೊರಟು ಬಂದಿದ್ದ. ಅವರ್ದೂ ಒಂದ್ ಎಲ್ಲೋ ಇದ್ದದೆ ಎಂದು ದೊಡ್ಡಪ್ಪ ಹೇಳಿದ್ದ. ಇರಬಹುದು ಎಂದು ಅವನೂ ಅಂದುಕೊಂಡಿದ್ದ. ಹಾಗೆ ಅಂದುಕೊಂಡರೆ ಮೂಸುವುದು ಸುಲಭವಾಗುತ್ತಿತ್ತು. ಎರಡು ಕಡೆಯೂ ಕಳ್ಳರೇ ಆದರೆ ಯಾರಿಗೂ ಯಾರೂ ಮೋಸ ಮಾಡಿದ ಹಾಗಾಗುವುದಿಲ್ಲ.

“ಸಾಕ್ ಮಗ, ಎದ್ದೇಳ್. ಒಳಗೆ ಬಾ.”

ಪೊನ್ನಪ್ಪನ ತಾಯಿ ಬೆಳ್ಳಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳು ನಗುವ ಹೆಂಗಸರಲ್ಲಿ ಸೇರಿದವಳಲ್ಲ. ದೊಡ್ಡ ಮಗ ಸತ್ತಮೇಲೆ ಅವಳ ಕಣ್ಣು ಗುಂಡಿಗೆ ಬಿದ್ದು, ಮೂಗೊಂದೇ ಮುಖದಲ್ಲಿ ಉಳಿದ ಹಾಗಿತ್ತು.

“ಒಳಗೆ ಎಂತಕೆ ಅತ್ತೆ? ಜಗಲಿವರೆಗೆ ಮಾತ್ರ ಅಂತ ದೊರೆ...”

“ದೊರೆ ಬಂದ್ ನನ್ನ ಮನೆ ಕಸ ಗುಡಿಸ್ತನಾ? ಬಾ.”

ಅವನು ಹೋದ. ಅವಳು ಅವನನ್ನು ಭತ್ತ ತುಂಬಿದ ಪತ್ತಾಯದ ಮುಂದೆ ನಿಲ್ಲಿಸಿ, ಹಲಗೆ ಸರಿಸಿ, ಕೈ ಹಾಕ್ ಎಂದಳು. ಅವನು ಮೊಣಕೈವರೆಗೆ ಹಾಕಿದ. ಭುಜದವರೆಗೆ ಹಾಕ್ ಎಂದಳು. ಭತ್ತದ ಸುಂಕು ಅಂಗಿಯ ಕಂಕುಳಿಗೆ ಹೊಕ್ಕು ತುರಿಸಿತು. ಅಟ್ಟಕ್ಕೆ ಹತ್ತಿಸಿದಳು. ಸೌದೆಯ ರಾಶಿ ಸರಿಸಿದಳು. ಅಡಿಗೆಮನೆಯಲ್ಲಿ ನಗುತ್ತಿದ್ದ ಹೆಂಗಸರು ಈಗ ಗೋಡೆಗೆ ಅಂಟಿ ನಿಂತಿದ್ದರು. ಒಬ್ಬಳ ಕೈಯಲ್ಲಿ ಹಂದಿ ಮಾಂಸ ಕೊಚ್ಚುವ ಕತ್ತಿ ಹಾಗೇ ನಿಂತಿತ್ತು. ಆಮೇಲೆ ತನ್ನ ಕೋಣೆಗೆ. ಮಂಚದ ಹಾಸಿಗೆ ಎತ್ತಿ ತೋರಿಸಿದಳು. ಹಾಸಿಗೆಯಲ್ಲಿ ಮುದುಕಿಯ ಮೈಯ ಹುಳಿ ವಾಸನೆ. ಮಂಚದ ಕೆಳಗೆ ಉಗುಳುವ ಡಬ್ಬಿ. ಬಗ್ಗಿ ನೋಡ್ ಎಂದಳು. ಅವನು ಬಗ್ಗಿ ನೋಡಿದ. ಪೆಟ್ಟಿಗೆ ತೆರೆದಳು: ಸತ್ತ ಮಗನ ಕರಿ ಕೋಟು, ಎರಡು ಬಿಳಿ ಸೀರೆ, ಅವಳ ಒಳಬಟ್ಟೆ. ಒಂದೊಂದನ್ನೂ ಕೊಡವಿದಳು. ಅವನಿಗೆ ಮುಖ ತಿರುಗಿಸಬೇಕೆನ್ನಿಸಿತು. ತಿರುಗಿಸಿದರೆ ನೋಡಲಿಲ್ಲ ಎಂದಾಗುತ್ತದೆ. ನೋಡುತ್ತ ನಿಂತ. ಒಬ್ಬ ಹೆಂಗಸು ತನ್ನ ಮಾನವನ್ನು ಹೀಗೆ ಒಂದೊಂದಾಗಿ ನೆಲಕ್ಕೆ ಹಾಕುವುದನ್ನು ನೋಡಿ ಅವನಿಗೆ ಕರುಣೆ ಬರಲಿಲ್ಲ, ಸಿಟ್ಟು ಬಂತು. ಯಾಕೆ ಇಷ್ಟು? ಯಾರು ಕೇಳಿದರು? ಜಗಲಿಯಲ್ಲಿ ಎಲ್ಲ ಸರಿಯಾಗಿತ್ತಲ್ಲ. ಅವಳಲ್ಲಿ ಅಡಗಿಸಿದ ಕೋವಿ ಒಂದು ಸಿಕ್ಕಿದ್ದರೆ ಅವನು ಆ ಕ್ಷಣದಲ್ಲಿ ಅವಳ ಕಾಲಿಗೆ ಬೀಳುತ್ತಿದ್ದ.

ಎಲ್ಲೂ ಇರಲಿಲ್ಲ. ನಾಲ್ಕೇ.

ಬೆಳ್ಳಮ್ಮ ಅವನನ್ನು ನಡುಮನೆಯ ದೀಪದ ಮುಂದೆ ತಂದು ನಿಲ್ಲಿಸಿದಳು. “ನಮ್ಮದ್ ನೋಡ್ದ. ಈಗ ನಿಮ್ಮದ್ ಹೇಳ್. ಎಷ್ಟ್ ಉಟ್ಟು?”

“ಐದ್. ಪೊನ್ನಪ್ಪಂಗೆ ಗೊತ್ತುಟ್ಟಲ್ಲ ಅತ್ತೆ.”

“ಪೊನ್ನಪ್ಪಂಗೆ ಕಂಡದ್ ಗೊತ್ತುಟ್ಟು. ಕಾಣದ್ದ್ ನಿಂಗೆ ಗೊತ್ತಿದ್ದದೆ. ದೀಪ ಮುಟ್ಟಿ ಹೇಳ್.” ಅವಳ ದನಿ ಒಂದಿಷ್ಟೂ ಏರಲಿಲ್ಲ. “ತಲೆಗದ್ದೆ ಭತ್ತ ಉದುರ್ತಾ ಉಟ್ಟು. ಪೊನ್ನಪ್ಪ ಇಳಿಯದೆ ಆಳ್‌ಗ ಇಳಿಯೊದಿಲ್ಲೆ. ನಿಮ್ಮ ಬೇಲಿ ಬುಡಲಿ ಬಗ್ಗಿ ಕೊಯ್ಯೊವಂಗೆ ಬೆನ್ನ ಹಿಂದೆ ಕಣ್ಣಿಲ್ಲೆ. ನಂಗೆ ಇನ್ನ್ ಇರ್ದು ಅವ ಒಬ್ಬ. ಇಳಿಸೊಕಾ ಬೊತ್ತಾ, ನೀ ಹೇಳ್.”

ಹೊರಗೆ ಕೋಳಿಯೊಂದು ಮೊಟ್ಟೆ ಇಟ್ಟು ಊರಿಗೆಲ್ಲ ಸಾರುತ್ತಿತ್ತು. ಬೇಡ ಅನ್ನು, ಇಳಿಸಬೇಡ ಅನ್ನು, ಎಂದು ಒಳಗೆ ಯಾರೋ ಹೇಳಿದ ಹಾಗಾಯಿತು. ಅಂದರೆ ಯಾಕೆ ಎಂದು ಕೇಳುತ್ತಾಳೆ. ಮಾತು ದೊರೆಯವರೆಗೆ ಹೋಗುತ್ತದೆ. ಯಮುನಳ ಚಾಪೆ ಎತ್ತಿಸುತ್ತಾರೆ. ಆಮೇಲೆ ದೊಡ್ಡಪ್ಪ. ಇಷ್ಟೂ ಲೆಕ್ಕ ಹಾಕುವಷ್ಟು ಹೊತ್ತು ಅವನ ಮುಖ ಅವಳಿಗೆ ಏನೂ ಹೇಳದಂತೆ ಗಟ್ಟಿಯಾಗಿಯೇ ಇತ್ತು. ಅಷ್ಟರ ಮಟ್ಟಿಗೆ ಅವನು ಪಳಗಿದ್ದ. ದೀಪದ ಕಂಠ ಮುಟ್ಟಿದ. ಹಿತ್ತಾಳೆ ಬಿಸಿಯಾಗಿತ್ತು, ಜಿಡ್ಡಾಗಿತ್ತು.

“ಐದೇ ಅತ್ತೆ. ಬೇರೆ ಇಲ್ಲೆ.”

ಬೆಳ್ಳಮ್ಮ ಉಸಿರು ಬಿಟ್ಟಳು. ಬೆಲ್ಲದ ಕಾಫಿ ತಂದುಕೊಟ್ಟಳು. ಅವನು ಕುಡಿದು ಲೋಟ ಬೋರಲು ಹಾಕಿದ.

ಗದ್ದೆಯ ಬದುವಿನ ನಡುವೆ, ಬಾಳೆಕಜೆಯಿಂದ ಹಿಂತಿರುಗುತ್ತಿದ್ದ ಪೊನ್ನಪ್ಪ ಎದುರಾದ. ಪ್ರತಿ ಭಾನುವಾರ ಇಲ್ಲೇ ಎದುರಾಗುವುದು. ಇಬ್ಬರು ದಾಟಲು ಒಬ್ಬ ಗದ್ದೆಗೆ ಇಳಿಯಬೇಕು, ಯಾರು ಇಳಿಯಬೇಕೆಂದು ಇಬ್ಬರೂ ಒಂದು ಗಳಿಗೆ ನಿಲ್ಲುವುದು. ಪೊನ್ನಪ್ಪ ದಪ್ಪನೆಯವನು, ತಾಂಬೂಲದ ಬಾಯಿ, ಸುಮ್ಮನೆ ನಗುವವನು. ಶಾಲೆಯಲ್ಲಿ ಧರ್ಮಪಾಲನ ಪಕ್ಕ ಕೂತು ಅವನ ಲೆಕ್ಕ ನೋಡಿ ಬರೆಯುತ್ತಿದ್ದವನು.

“ಏನ್ ಬಾವ, ನಮ್ಮ ಕೋವಿಗ ಇವತ್ತ್ ಸೆಂಟ್ ಹಾಕಿತ್ತಾ?”

“ನಿಮ್ಮ ನಾಲ್ಕನೇದರಲ್ಲಿ ಜಿರಲೆ ಸತ್ತುಟ್ಟು.”

“ಅಯ್ಯೋ! ಹಂಗಾರೆ ಎರಡ್ ಗುಂಡ್ ಹೊಡಿಯೊಕಲ್ಲ. ಸಾವಲ್ಲವಾ? ನಿಮ್ಮಲ್ಲಿಗೆ ಹೇಳಿಕಳಿಸ್ನೆ, ಗಾಬರಿ ಆಗ್ಬೇಡಿ.” ಪೊನ್ನಪ್ಪ ತನ್ನ ಮಾತಿಗೆ ತಾನೇ ಹೊಟ್ಟೆ ಕುಲುಕಿ ನಕ್ಕ. “ನಿನ್ನ ಗೂಡೆ ಕುಂಞಿನ ನೋಡಿಕೆ ಆತ್ಲೆ ಬಾವ. ಅಮೆ ಅಂತ ನಿನ್ನ ದೊಡ್ಡಪ್ಪ ಬಾಗಿಲಿಗೆ ಅಡ್ಡ ನಿಂತೊ. ಅಳೋದ್ ಕೇಳ್ತ್. ಒಳ್ಳೆ ಗಂಟಲ್ ಉಟ್ಟು. ಅವ್ವ ಏನ್ ಹೇಳ್ತ್? ನಾಳೆ ಇಳಿಯೊಕಾ ನಾನ್?”

ಧರ್ಮಪಾಲ ಗದ್ದೆಗೆ ಇಳಿದು ದಾರಿ ಬಿಟ್ಟ. ಮೊಣಕಾಲಿಗೆ ಬಲಿತ ಭತ್ತ ತಾಗಿ ಕಾಳು ಸುರಿಯಿತು. “ಅವ್ವನನ್ನೇ ಕೇಳ್,” ಎಂದ.

“ಕೇಳೊದೇನ್, ನೀ ಬಗ್ಗಿ ದಾರಿ ಬಿಟ್ಟದ್ ನೋಡ್ರೆ ಗೊತ್ತಾದೆ,” ಎಂದು ಪೊನ್ನಪ್ಪ ಅವನ ಭುಜ ತಟ್ಟಿ ದಾಟಿ ಹೋದ. ಆ ಅಗಲ ಬೆನ್ನು. ಅಂಗಿ ಬೆವರಿಗೆ ಅಂಟಿಕೊಂಡು, ನಡುವೆ ಬೆನ್ನುಮೂಳೆಯ ಗುಳಿ ಕಾಣುತ್ತಿತ್ತು. ಇಷ್ಟು ದೊಡ್ಡ ಬೆನ್ನು ಯಾಕೆ ಬೇಕು ಮನುಷ್ಯನಿಗೆ ಎಂದು ಧರ್ಮಪಾಲನಿಗೆ ಅಸಹ್ಯವಾಯಿತು.

ಕುಶಾಲಪ್ಪ ಜಗಲಿಯಲ್ಲಿ ಕೂತು ಕೋಳಿಯ ಪುಕ್ಕದಿಂದ ಕಿವಿ ತಿರುವಿಕೊಳ್ಳುತ್ತಿದ್ದ. ಒಂದು ಕಣ್ಣು ಮುಚ್ಚಿತ್ತು, ಬಾಯಿ ಸುಖಕ್ಕೆ ಸೊಟ್ಟಗಾಗಿತ್ತು. ಪುಕ್ಕ ಹೊರತೆಗೆದು ತುದಿಯನ್ನು ನೋಡಿ, ಮೂಸಿ, ಮತ್ತೆ ಒಳಗೆ ಹಾಕಿದ. ಈ ಮನೆಯಲ್ಲಿ ಎಲ್ಲರೂ ಮೂಸುವವರೇ.

“ಏನ್ ಸಮಾಚಾರ?”

“ನಾಲ್ಕೂ ಉಟ್ಟು. ಹೊಡೆದದ್ದಿಲ್ಲೆ.”

“ಇಷ್ಟ್ ಹೊತ್ತ್ ಎಂತ ಮಾಡ್ದ? ಅವರ ಮನೆ ಕೋಣ ಮೇಸ್ದನಾ?”

“ಬೆಳ್ಳಮ್ಮತ್ತೆ ಒಳಗೆ ಕರ್ದ್‌ತ್. ಎಲ್ಲಾ ತೋರ್ಸಿತ್.”

ಪುಕ್ಕ ನಿಂತಿತು. “ಎಲ್ಲಾ ಅಂದ್ರೆ?”

“ಪತ್ತಾಯ, ಅಟ್ಟ, ಅದರ ಕೋಣೆ. ಎಲ್ಲಾ.”

ಕುಶಾಲಪ್ಪ ಇನ್ನೊಂದು ಕಣ್ಣನ್ನೂ ತೆರೆದ. ಅವನ ಮುಖಕ್ಕೆ ನಿಧಾನವಾಗಿ ಒಂದು ಬೆಳಕು ಬಂತು. ಹಸಿದವನ ಮುಂದೆ ಎಲೆ ಹಾಕಿದಾಗ ಬರುವಂಥದ್ದು. ಅವನು ಧರ್ಮಪಾಲನನ್ನು ನೋಡುತ್ತಿರಲಿಲ್ಲ. ಅವನ ದೃಷ್ಟಿ ಅಂಗಳ ದಾಟಿ, ಕಾಫಿ ಬೇಲಿ ದಾಟಿ, ಹಳದಿಯಾಗಿ ಬಾಗಿ ನಿಂತ ತಲೆಗದ್ದೆಯ ಮೇಲೆ ಹೋಗಿ ಕೂತಿತು. “ಹಂಗಾರೆ,” ಎಂದ, ಮೆಲ್ಲಗೆ, ಮುದ್ದು ಮಾಡುವ ದನಿಯಲ್ಲಿ, “ಒಳಗೂ ಏನೂ ಇಲ್ಲೆ? ಆ ನಾಲ್ಕ್ ಒನಕೆ ಬಿಟ್ಟರೆ? ಅವು ಮದ್ದು ತುಂಬಿ ಗಜಕೋಲಲ್ಲಿ ಜಡಿಯೊಷ್ಟರಲ್ಲಿ ನಮ್ಮವ ಎರಡ್ ಸಲ ಹೊಡೆದ್ ಮನೆಗೆ ಬಂದ್ ಉಂಡಾದೆ. ನಾಳೆ ಗದ್ದೆಗೆ ಇಳ್ದದೆ ಅಂತಾ ಆ ಹೋರಿ?”

ಧರ್ಮಪಾಲನಿಗೆ ಆಗ ಹೊಳೆಯಿತು. ಇಷ್ಟು ದಿನ ಭಾನುವಾರ ಭಾನುವಾರ ಅವನು ಹೋಗಿ ಬಂದು ಹೇಳಿದ್ದೆಲ್ಲ ಶಾಂತಿಯ ಲೆಕ್ಕವಲ್ಲ, ಬೇಟೆಯ ಸುಳಿವು. ಹಂದಿ ಎಲ್ಲಿ ಮಲಗಿದೆ, ಎಷ್ಟು ಹಲ್ಲಿದೆ, ಯಾವ ಕಂಡಿಯಿಂದ ಹೊರಬರುತ್ತದೆ ಎಂದು ಮುಂಚೆ ಹೋಗಿ ಮೂಸಿ ಬರುವ ನಾಯಿ. ಅಡಿಗೆಮನೆಯ ಹೆಂಗಸರು ಇಟ್ಟ ಹೆಸರೇ ಸರಿ, ಅವರಿಗೆ ತಿಳಿದದ್ದು ಅವನಿಗೆ ತಿಳಿದಿರಲಿಲ್ಲ. ಇಷ್ಟು ದಿನ ದೊಡ್ಡಪ್ಪನ ಕೈ ತಡೆದದ್ದು ದೊರೆಯ ಮಾತೂ ಅಲ್ಲ, ದೀಪವೂ ಅಲ್ಲ. ಅವರದೂ ಒಂದು ಎಲ್ಲೋ ಇದ್ದೀತು ಎಂಬ ಹೆದರಿಕೆ. ಆ ಹೆದರಿಕೆಯನ್ನು ಬೆಳ್ಳಮ್ಮ ತನ್ನ ಒಳಬಟ್ಟೆಯವರೆಗೆ ಕೊಡವಿ ಕೊಡವಿ ತೆಗೆದುಹಾಕಿದ್ದಳು. ಅವನು ಅದನ್ನು ಹೊತ್ತು ತಂದು ಇಲ್ಲಿ ಇಳಿಸಿದ್ದ.

“ಇಲ್ಲೆ ಅಂತ ನಾ ಹೇಳ್ಲಿಲ್ಲೆ,” ಎಂದ.

“ಎಂತ?”

“ಉಟ್ಟು. ಒಂದ್. ಎಲ್ಲಾ ತೋರ್ಸಿತ್, ಮಂಚದ ಹಾಸಿಗೆ ಮಾತ್ರ ತಲೆ ಕಡೆ ಎತ್ತಿತ್, ಕಾಲ್ ಕಡೆ ಎತ್ತಿಲ್ಲೆ. ನಾ ಬಗ್ಗಿ ನೋಡ್ದೆ. ಜೋಡು ನಳಿಗೆದ್. ಹೊಸದ್.”

ಹೇಳುತ್ತ ಹೇಳುತ್ತ ಅವನಿಗೆ ಆ ಕೋವಿ ಕಂಡಿತು. ಅದು ಯಮುನಳ ಕೆಳಗಿದ್ದ ಕೋವಿಯೇ. ಬೇರೆ ಕೋವಿ ಅವನ ಕಲ್ಪನೆಗೆ ಬರಲಿಲ್ಲ.

ಕುಶಾಲಪ್ಪ ಪುಕ್ಕವನ್ನು ಎಸೆದು ಎದ್ದ. ಅವನ ಮುಖದಲ್ಲಿ ಸೋಲು ಇರಲಿಲ್ಲ. ಒಂದು ಬಗೆಯ ತೃಪ್ತಿ ಇತ್ತು, ತಾನು ಮನುಷ್ಯರನ್ನು ಸರಿಯಾಗಿಯೇ ಅಳೆದಿದ್ದೆ ಎಂಬುದು. ತೃಪ್ತಿಯ ಹಿಂದೆಯೇ ಭಯ ಬಂತು. ಜಗಲಿಯ ಅಂಚಿನಿಂದ ಒಂದು ಹೆಜ್ಜೆ ಹಿಂದೆ ಸರಿದ. “ನಾ ಹೇಳ್ಲಿಲ್ಲೆಯಾ? ಮುದುಕಿ! ಒಳಗೆ ಕರ್ದ್ ತೋರ್ಸಿದ್ ಎಂತಕೆ ಅಂತ ಗೊತ್ತಾತಾ? ಬಾ, ದೀಪ ಮುಟ್ಟಿ ಹೇಳ್.”

ಮುಟ್ಟಿದ. ಒಂದೇ ದಿನದಲ್ಲಿ ಎರಡು ದೀಪ. ಈ ದೀಪ ಆರಿ ತಣ್ಣಗಿತ್ತು. ದೊಡ್ಡಮ್ಮ ಎಣ್ಣೆ ಹಾಕಲು ಮರೆತಿದ್ದಳು. ಆರಿದ ದೀಪದ ಮೇಲಿನ ಸತ್ಯಕ್ಕೆ ಬೆಲೆ ಉಂಟೋ ಇಲ್ಲವೋ ಎಂದು ಕುಶಾಲಪ್ಪ ಯೋಚಿಸಲಿಲ್ಲ.

ಸಂಜೆ ಧರ್ಮಪಾಲ ಹೆರಿಗೆಯ ಕೋಣೆಯ ಹೊಸ್ತಿಲಿಗೆ ಹೋದ. ಯಮುನ ಗೋಡೆಗೆ ಒರಗಿ ಮಗುವಿಗೆ ಮೊಲೆ ಕೊಡುತ್ತಿದ್ದಳು. ಮರದ ಗೋಡೆ, ಜಗಲಿಯ ಮಾತೆಲ್ಲ ಅವಳಿಗೆ ಕೇಳಿಸಿತ್ತು.

“ನಿಜ ನೋಡ್ದಿರಾ ಅವರದ್ದ್?”

ಅವಳಿಗಾದರೂ ಹೇಳಬಹುದಿತ್ತು. ಹೇಳಿದರೆ ಅದು ಮಾತಾಗುತ್ತದೆ. ಮಾತು ಮರದ ಗೋಡೆ ದಾಟುತ್ತದೆ.

“ನೋಡ್ದೆ.”

ಅವಳು ಮಗುವನ್ನು ಎದೆಯಿಂದ ಬಿಡಿಸಿ ಇನ್ನೊಂದು ಪಕ್ಕಕ್ಕೆ ಹಾಕಿಕೊಂಡಳು. “ನಿಮ್ಮ ದೊಡ್ಡಪ್ಪ ಈಗಷ್ಟೆ ಬಂದ್ ಬಾಗಿಲ ಹೊರಗಿಂದ ಹೇಳಿ ಹೋದೊ. ಅಮೆ ಕಳೆದರೂ ನಾ ಏಳ್‌ಬಾರ್ದಂತೆ. ಸೊಂಟಕ್ಕೆ ಗಾಳಿ ತಾಗ್ಯುಟ್ಟು ಅಂತ ಹೇಳೊಕಂತೆ, ಯಾರ್ ಕೇಳ್ರೂ. ಅವರಲ್ಲಿ ಇರೊವರೆಗೆ ನಮ್ಮಲ್ಲೂ ಇರೊಕಲ್ಲ.” ನಕ್ಕಳೋ ಉಗುಳಿದಳೋ, ಬಾಯಿಂದ ಒಂದು ಸದ್ದು ಬಂತು. “ಇನ್ನೊಂದ್ ವಾರ ಸಹಿಸ್ರೆ ಆತ್ ಅಂತ ಇದ್ದೆ ನಾನ್. ನೀವ್ ಅಲ್ಲಿ ನೋಡಿ ಬಂದಿರಿ. ನಾ ಇಲ್ಲಿ ಮಲಗೊಕು. ಒಳ್ಳದಾತ್. ಹೋಗಿ, ಹೊಸ್ತಿಲಲ್ಲಿ ನಿಲ್ಬೇಡಿ, ಕುಂಞಿಗೆ ಗಾಳಿ ಬರ್ದುಲ್ಲೆ.”

ಆ ವಾರ ಪೊನ್ನಪ್ಪ ತಲೆಗದ್ದೆಗೆ ಇಳಿದ. ಧರ್ಮಪಾಲ ಕಾಫಿ ಹಣ್ಣು ಕುಯ್ಯುವ ಆಳುಗಳನ್ನು ನೋಡಿಕೊಳ್ಳುವ ನೆಪದಲ್ಲಿ ಬೇಲಿಯ ಹತ್ತಿರವೇ ಅಡ್ಡಾಡಿದ. ಆ ದಪ್ಪ ಬೆನ್ನು ಬಗ್ಗಿ ಏಳುತ್ತಿತ್ತು, ಬಗ್ಗಿ ಏಳುತ್ತಿತ್ತು. ಒಮ್ಮೊಮ್ಮೆ ಎದ್ದು, ಏ ಕಾಳಿ, ನಿನ್ನ ಕತ್ತಿ ಬಾಣಂತಿಯಾ, ನಡೆಯೊದೇ ಇಲ್ಲವಲ್ಲ ಎಂದು ಆಳುಹೆಣ್ಣನ್ನು ಛೇಡಿಸುತ್ತ ನಗುತ್ತಿತ್ತು. ಕುಶಾಲಪ್ಪ ಜಗಲಿಗೆ ಬರಲಿಲ್ಲ. ಹಿತ್ತಿಲಿಗೆ ಹೋಗಬೇಕಾದರೂ ಧರ್ಮಪಾಲನನ್ನು ಮುಂದೆ ಬಿಟ್ಟುಕೊಂಡು ಹೋಗುತ್ತಿದ್ದ. ನಿನ್ನ ಹೊಡಿಯೊದಿಲ್ಲೆ ಅವು, ನೀ ಅವರ ಲೋಟಲಿ ಕುಡಿಯೊವ ಎನ್ನುತ್ತಿದ್ದ. ಬಾಳೆಯ ಬುಡದಲ್ಲಿ ಮುದುಕ ಕೂತು ತಿಣುಕುವಾಗ ಬೆನ್ನು ತಿರುಗಿಸಿ ಕಾವಲು ನಿಂತು, ಆ ಸದ್ದು ಕೇಳುತ್ತ, ಧರ್ಮಪಾಲ ತಾನು ಒಂದು ಜೀವ ಉಳಿಸಿದೆ ಎಂದು ಹೇಳಿಕೊಂಡು ನೋಡಿದ. ಆ ಮಾತು ಎಲ್ಲೂ ತಾಗದೆ ಬಿತ್ತು. ಉಳಿಸಿದ್ದು ಹೌದು. ಹೇಗೆ ಉಳಿಸಿದ್ದು? ಮನೆಯ ಮೂಲೆ ಮೂಲೆ ತೆರೆದು ತೋರಿಸಿದವಳನ್ನು ಕಳ್ಳಿ ಮಾಡಿ. ಸತ್ಯ ಹೇಳಿದ್ದರೆ ಹೆಣ ಬೀಳುತ್ತಿತ್ತು. ಸುಳ್ಳಿನಿಂದ ಗದ್ದೆ ಕೊಯ್ಲಾಯಿತು. ಜಿನೀವಾದಲ್ಲಿಯೂ ಮೇಜಿನ ಸುತ್ತ ಕೂತವರು ಇದನ್ನು ತಿಳಿದೇ ಕೂತಿರಬೇಕು. ಪತ್ರಿಕೆಯಲ್ಲಿ ಅದನ್ನು ಬರೆಯುವುದಿಲ್ಲ, ಅಷ್ಟೆ.

ಕುಶಾಲಪ್ಪ ಮನೆಯಿಂದ ಹೊರಡದಿದ್ದರೂ ಅವನ ಬಾಯಿ ಹೊರಟಿತು. ಹಣ್ಣು ಕೊಳ್ಳಲು ಬಂದ ಮಾಪಿಳ್ಳೆ ವ್ಯಾಪಾರಿಯ ಮುಂದೆ, ಹಾಲು ಕೇಳಲು ಬಂದ ಊರ ಹೆಂಗಸೊಬ್ಬಳ ಮುಂದೆ, ಕಲ್ಲುಮೊಟ್ಟೆಯ ಮುದುಕಿ ಹಾಸಿಗೆ ಕೆಳಗೆ ಮಲಗಿಸಿಕೊಂಡಿರುವುದು ಗಂಡನನ್ನಲ್ಲ ಎಂದು ಹೇಳಿ ನಕ್ಕ. ನಮ್ಮ ಧರ್ಮಪಾಲ ಕಣ್ಣಾರೆ ಕಂಡಿದ್ದಾನೆ, ದೀಪ ಮುಟ್ಟಿದ್ದಾನೆ ಎಂದ. ಧರ್ಮಪಾಲ ಅಲ್ಲೇ ಇದ್ದ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಚೀಲದ ಬಾಯಿ ಹೊಲಿಯುತ್ತಿದ್ದ.

ಮತ್ತೆ ಭಾನುವಾರ ಬಂತು. ಬದುವಿನ ಮೇಲೆ ಪೊನ್ನಪ್ಪ ಎದುರಾಗಲಿಲ್ಲ. ತಲೆಗದ್ದೆ ಬೋಳಾಗಿತ್ತು, ಕೂಳೆಯ ಮೇಲೆ ಕೊಕ್ಕರೆಗಳು ನಡೆಯುತ್ತಿದ್ದವು. ಕಲ್ಲುಮೊಟ್ಟೆಯ ಜಗಲಿಯಲ್ಲಿ ನಾಲ್ಕು ಕೋವಿ ಒರಗಿಸಿಟ್ಟಿತ್ತು. ಬಾಗಿಲ ಹಿಂದೆ ಯಾರೂ ನಗಲಿಲ್ಲ. ನಗು ಇಲ್ಲದೆ ಮಂಡಿಯೂರುವುದು ಇನ್ನೂ ಕಷ್ಟ ಎಂದು ಧರ್ಮಪಾಲನಿಗೆ ಅವತ್ತು ತಿಳಿಯಿತು. ಒಂದೊಂದಾಗಿ ಮೂಸಿದ. ನಾಲ್ಕನೆಯದರಿಂದ ಜಿರಲೆಯನ್ನು ಯಾರೋ ತೆಗೆದಿದ್ದರು. ಎದ್ದು ನಿಂತಾಗ ಪೊನ್ನಪ್ಪ ಅಂಗಳದ ಕಣದಲ್ಲಿ ಭತ್ತದ ರಾಶಿಯ ಪಕ್ಕ ಕೂತಿದ್ದು ಕಂಡಿತು. ಬೆನ್ನನ್ನು ಗೋಡೆಗೆ ಕೊಟ್ಟು ಕೂತಿದ್ದ. ಬಾವ ಎಂದು ಕರೆಯಬೇಕೆಂದುಕೊಂಡ. ಪೊನ್ನಪ್ಪ ಅವನ ಕಡೆ ನೋಡಿ, ಮುಖ ತಿರುಗಿಸಿ, ಉಗುಳಿದ.

ಬೆಳ್ಳಮ್ಮ ಕಾಫಿಯ ಲೋಟ ಹಿಡಿದು ಹೊರಬಂದಳು. ಒಳಗೆ ಕರೆಯಲಿಲ್ಲ. ಅವಳ ಹಿಂದೆ ನಡುಮನೆಯ ಆಚೆ ಅವಳ ಕೋಣೆಯ ಬಾಗಿಲು ಮುಚ್ಚಿ, ಅಗಳಿ ಹಾಕಿತ್ತು.

“ಅತ್ತೆ,” ಎಂದ ಅವನು, “ನಾ ಹೇಳಿದ್ ಎಂತಕೆ ಅಂದ್ರೆ...”

“ನೀ ದೀಪ ಮುಟ್ಟಿ ಹೇಳಿದ್ಯಂತೆ.”

“ಪೊನ್ನಪ್ಪನ ಮೇಲೆ ಕೈ ಮಾಡ್ದೆ ಇರ್ಲಿ ಅಂತ, ಅತ್ತೆ. ಇಲ್ಲದಿದ್ದರೆ ದೊಡ್ಡಪ್ಪ...”

“ಇಲ್ಲಿ ಮುಟ್ಟಿ ಐದೇ ಅಂತ ಹೇಳ್ದ. ಅಲ್ಲಿ ಮುಟ್ಟಿ ನಮ್ಮಲ್ಲಿ ಉಟ್ಟು ಅಂತ ಹೇಳ್ದ. ಒಂದ್ ಸುಳ್ಳಾದ್ರೆ ಇನ್ನೊಂದೂ ಸುಳ್ಳೇ ತಾನೆ? ನಿಮ್ಮಲ್ಲಿ ಎಷ್ಟ್ ಉಟ್ಟು, ಎಲ್ಲಿ ಉಟ್ಟು ಅಂತ ಇನ್ನ್ ನಿನ್ನ ಕೇಳೊಕು ಅಂತಿಲ್ಲೆ ನಂಗೆ.” ಅವಳು ಲೋಟವನ್ನು ಅವನ ಕೈಗೆ ಕೊಟ್ಟಳು. “ದೀಪ ಮುಟ್ಟಿ ಆಡಿದ ಮಾತ್ ಸುಳ್ಳಾಗ್ಬಾರ್ದು ಮಗ. ಮನೆಗೆ ಒಳ್ಳದಲ್ಲ. ಮೂರ್ ಎತ್ತ್ ಕೊಟ್ಟ್ ತರ್ಸಿದೆ. ಜೋಡು ನಳಿಗೆದ್. ನೀ ಹೇಳಿದ ಹಂಗೆನೆ. ಹಾಸಿಗೆ ಕೆಳಗೆನೆ, ಕಾಲ್ ಕಡೆ. ಹೋಗಿ ಹೇಳ್.”

ಲೋಟದ ಕಂಠದಲ್ಲಿ, ಅವಳ ಹೆಬ್ಬೆರಳು ಊರಿದ್ದ ಜಾಗದಲ್ಲಿ, ಹೊಸ ಕೋವಿಯ ಎಣ್ಣೆಯ ಗುರುತು ಮೂಡಿತ್ತು. ಕಾಫಿಯ ಮೇಲೆ ಅದರ ಬಣ್ಣಬಣ್ಣದ ಪೊರೆ ಒಂದು ತೇಲುತ್ತಿತ್ತು. ಧರ್ಮಪಾಲ ಅದನ್ನು ನೋಡಿದ. ಕುಡಿಯದೆ ಹೋದರೆ ಕರಾರು ಮುರಿದಂತೆ, ದ್ವೇಷ ಸಾರಿದಂತೆ. ಕಣದಿಂದ ಪೊನ್ನಪ್ಪ ಈಗ ನೇರವಾಗಿ ಅವನನ್ನೇ ನೋಡುತ್ತಿದ್ದ. ಧರ್ಮಪಾಲ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಕೊನೆಯ ಗುಟುಕಿನವರೆಗೆ ಕುಡಿದು, ಲೋಟವನ್ನು ಜಗಲಿಯ ಮೇಲೆ ಬೋರಲು ಹಾಕಿದ.